ಕ್ಲಾಸ್‌ರೂಮ್, ಮೂಡಲ್, ಸ್ವಯಂ, ವಾಟ್ಸಾಪ್: ಡಿಗ್ರಿ ಮಕ್ಕಳಿಗೆ ಪಾಠ ಮಾಡಲು ಯಾವುದು ಸರಿ?

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಿಂದ ನಮ್ಮ ಕಾಲೇಜಿಗೆ ಬರುವ ಬಿ.ಕಾಂ. ಹುಡುಗಿಯೊಬ್ಬಳು ಒಂದು ಗುರುವಾರ ರಾತ್ರಿ ಹೀಗೆ ಮೆಸೇಜ್ ಹಾಕಿದಳು: “ಮೇಡಂ, ಹುಳ ಹಣ್ಣಾಗಿದೆ. ನಾಳೆ ಚಂದ್ರಿಕೆಗೆ ಬಿಡಬೇಕು, ಮನೇಲಿ ಜನ ಇಲ್ಲ. ಟೆಸ್ಟ್ ಶನಿವಾರ ಬರೀಲಾ?”

ರೇಷ್ಮೆ ಸಾಕುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾಲ್ಕನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಹಣ್ಣಾದ ಮೇಲೆ, ಅಂದರೆ ಗೂಡು ಕಟ್ಟಲು ತಯಾರಾದ ಮೇಲೆ, ಒಂದು ದಿನವೂ ಕಾಯುವುದಿಲ್ಲ. ಗೂಡು ಕಟ್ಟುವ ತಟ್ಟೆಗೆ, ಅದೇ ಚಂದ್ರಿಕೆಗೆ, ಬಿಡಲೇಬೇಕು. ಆದರೆ ನಾನು ಇಟ್ಟಿದ್ದ ಆನ್‌ಲೈನ್ ಟೆಸ್ಟ್ ಶುಕ್ರವಾರ ರಾತ್ರಿ ಎಂಟರಿಂದ ಎಂಟೂವರೆ ತನಕ ಮಾತ್ರ ತೆರೆದಿರುತ್ತಿತ್ತು. ಮಕ್ಕಳು ತಮಗೆ ಬಿಡುವಾದಾಗ ಕಲಿಯಲಿ ಅಂತಲೇ ಅಲ್ವಾ ನಾವು ಆನ್‌ಲೈನ್ ವೇದಿಕೆ ಹಿಡಿಯುವುದು? ಅಲ್ಲೂ ಅರ್ಧ ಗಂಟೆಯ ಬಾಗಿಲು ಇಟ್ಟರೆ ಅವಳಿಗೆ ಏನು ಸಿಕ್ಕಿದ ಹಾಗಾಯಿತು?

ಆವತ್ತಿನಿಂದ ನಾನು ಬೇರೆ ಬೇರೆ ವೇದಿಕೆಗಳನ್ನು ಅವಳ ಕಣ್ಣಿಂದಲೇ ನೋಡುತ್ತಾ ಬಂದಿದ್ದೇನೆ. ನಾನು ಕಾಸ್ಟ್ ಅಕೌಂಟಿಂಗ್ ಪಾಠ ಮಾಡುವವಳು. ಕಂಪ್ಯೂಟರ್ ನನ್ನ ವಿಷಯವಲ್ಲ. ಚಿಕ್ಕಬಳ್ಳಾಪುರ, ಕೋಲಾರ ಕಡೆಯ ಡಿಗ್ರಿ ಕಾಲೇಜುಗಳಲ್ಲಿ ನನ್ನ ಹಾಗೆ ಪಾಠ ಮಾಡುವವರು “ಯಾವುದನ್ನು ಹಿಡಿಯಲಿ?” ಅಂತ ಕೇಳುತ್ತಲೇ ಇರುತ್ತಾರೆ. ಅವರಿಗಾಗಿ ಇದು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನೀವು ಒಬ್ಬರೇ ಇದ್ದೀರಿ, ಸಹಾಯಕ್ಕೆ ಯಾರೂ ಇಲ್ಲ, ಬರುವ ಸೋಮವಾರವೇ ಶುರು ಮಾಡಬೇಕು ಅಂದರೆ ಪಾಠ, ಅಸೈನ್‌ಮೆಂಟ್ ಹಂಚಲು ಗೂಗಲ್ ಉಚಿತವಾಗಿ ಕೊಡುವ ಗೂಗಲ್ ಕ್ಲಾಸ್‌ರೂಮ್ ಹಿಡಿಯಿರಿ. ಅದೇ ಪೇಪರನ್ನು ವರ್ಷ ವರ್ಷ ಪಾಠ ಮಾಡುತ್ತೀರಿ, ಲೆಕ್ಕ ಇರುವ ವಿಷಯ, ಸರ್ವರ್ ನೋಡಿಕೊಳ್ಳುವವರೊಬ್ಬರು ಕಾಲೇಜಿನಲ್ಲಿದ್ದಾರೆ ಅಂದರೆ ಮೂಡಲ್, ಅಂದರೆ ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳುವ ಉಚಿತ ಕಲಿಕಾ ಸಾಫ್ಟ್‌ವೇರ್. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ ಸ್ವಯಂ ನಿಮ್ಮ ಪಾಠಕ್ಕೆ ಜೊತೆಗಾರನೇ ಹೊರತು ಅದರ ಬದಲಿಗೆ ಬರುವುದಲ್ಲ. ವಾಟ್ಸಾಪ್ ಗಂಟೆ ಹೊಡೆಯಲು ಮಾತ್ರ.

ಮೊದಲು ಕ್ಲಾಸಿನಲ್ಲಿ ಒಂದು ಹಾಳೆ ಹಂಚಿ

ವೇದಿಕೆ ಆರಿಸುವ ಮುಂಚೆ ಮಕ್ಕಳಿಗೆ ಒಂದೊಂದು ಬಿಳಿ ಹಾಳೆ ಕೊಟ್ಟು ನಾಲ್ಕು ವಿಷಯ ಬರೆಸಿ. ಫೋನ್ ನಿನ್ನದಾ, ಮನೆಯವರದಾ? ಮನೆಯೊಳಗೆ ನೆಟ್‌ವರ್ಕ್ ಸಿಗುತ್ತಾ? ಓದಲು ಕೂರುವುದು ಎಷ್ಟು ಹೊತ್ತಿಗೆ? ಕನ್ನಡದಲ್ಲಿ ಟೈಪ್ ಮಾಡಲು ಬರುತ್ತಾ? ಹೆಸರು ಬರೆಸಬೇಡಿ. ಆಗ ನಿಜ ಬರೆಯುತ್ತಾರೆ.

ನನಗೆ ಇದರಿಂದ ಗೊತ್ತಾದದ್ದು ಬಹಳ. ಕೆಲವರ ಫೋನ್ ಅಪ್ಪನದು, ಅಪ್ಪ ಸಂಜೆ ಮನೆಗೆ ಬಂದ ಮೇಲೆ ಕೈಗೆ ಸಿಗುತ್ತದೆ. ಗುಡಿಬಂಡೆ ಕಡೆಯ ಒಬ್ಬ ಹುಡುಗ “ಬಸ್ಸಿನಲ್ಲಿ ಬರುವಾಗ ಓದುತ್ತೇನೆ, ಊರಲ್ಲಿ ಸಿಗ್ನಲ್ ಬರಲ್ಲ” ಅಂತ ಬರೆದಿದ್ದ. ಬಾಗೇಪಲ್ಲಿ, ಚೇಳೂರು ಕಡೆಯಿಂದ ಬರುವ ಎಷ್ಟೋ ಮಕ್ಕಳ ಮನೆ ಮಾತು ತೆಲುಗು. ಅವರು ಕನ್ನಡ ಚೆನ್ನಾಗಿ ಓದುತ್ತಾರೆ, ಟೈಪ್ ಮಾಡುವಾಗ ಕಾಗುಣಿತ ತಪ್ಪುತ್ತದೆ. 2021ರಲ್ಲಿ ಸರ್ಕಾರಿ ಡಿಗ್ರಿ ಕಾಲೇಜಿನ ಮಕ್ಕಳಿಗೆ ಟ್ಯಾಬ್ ಹಂಚಿದ್ದರು, ಆದರೆ ಆ ಬ್ಯಾಚ್ ಆಚೆ ಹೋಗಿ ಆಯಿತು. ಈಗಿನ ಮಕ್ಕಳ ಕೈಯಲ್ಲಿರುವುದು ಫೋನ್, ದಿನದ ಡೇಟಾ ಪ್ಯಾಕ್, ಅಷ್ಟೇ. ಹಾಗಾಗಿ ನೀವು ಏನೇ ಮಾಡಿದರೂ ಅದನ್ನು ಮೊದಲು ನಿಮ್ಮ ಫೋನಿನಲ್ಲಿ ತೆರೆದು ನೋಡಿ. ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುವ ನಾಲ್ಕು ಕಾಲಮ್ಮಿನ ಟೇಬಲ್ ಫೋನಿನಲ್ಲಿ ಓದಲಾಗುವುದೇ ಇಲ್ಲ.

ಗೂಗಲ್ ಕ್ಲಾಸ್‌ರೂಮ್

2014ರಲ್ಲಿ ಬಂದದ್ದು. ಇದರ ದೊಡ್ಡ ಗುಣ ಅಂದರೆ ಕಲಿಯಲು ಅರ್ಧ ದಿನ ಸಾಕು. ಕ್ಲಾಸ್ ಮಾಡಿ, ಕೋಡ್ ಬೋರ್ಡಿನ ಮೇಲೆ ಬರೆದರೆ ಮಕ್ಕಳು ಅಲ್ಲೇ ಕೂತು ಸೇರಿಕೊಳ್ಳುತ್ತಾರೆ. ಜಿಮೇಲ್ ಎಲ್ಲರ ಫೋನಿನಲ್ಲೂ ಹೇಗೂ ಇರುತ್ತದೆ. ನಿಮ್ಮ ಸ್ವಂತ ಜಿಮೇಲ್‌ನಿಂದ ಮಾಡಿದರೆ ಒಂದು ಕ್ಲಾಸಿಗೆ 250 ಜನರ ಮಿತಿ ಇದೆ. ಒಂದು ಸೆಕ್ಷನ್‌ಗೆ ಅದು ಧಾರಾಳವಾಯಿತು. ಜಾಗ ಮಾತ್ರ 15 ಜಿಬಿ, ಅದೂ ನಿಮ್ಮ ಮೇಲ್, ಫೋಟೋ ಎಲ್ಲ ಸೇರಿ. ಮಕ್ಕಳು ಕಳಿಸುವ ಅಸೈನ್‌ಮೆಂಟ್ ಫೋಟೋಗಳಿಂದ ಎರಡು ಸೆಮಿಸ್ಟರ್‌ನಲ್ಲಿ ಡ್ರೈವ್ ತುಂಬುತ್ತಾ ಬರುತ್ತದೆ. ಕಾಲೇಜಿನ ಹೆಸರಿನಲ್ಲಿ ಗೂಗಲ್‌ನ ಉಚಿತ ಶಿಕ್ಷಣ ಖಾತೆ ತೆಗೆದುಕೊಂಡರೆ ಇಡೀ ಕಾಲೇಜಿಗೆ ಸೇರಿ 100 ಟಿಬಿ ಜಾಗ ಸಿಗುತ್ತದೆ. ಪ್ರಿನ್ಸಿಪಾಲರನ್ನು ಒಪ್ಪಿಸಿ ಇದೊಂದನ್ನು ಮಾಡಿಸಿಕೊಳ್ಳಿ. ಆಗ ಗೂಗಲ್ ಮೀಟ್ ವಿಡಿಯೋ ಕರೆಯಲ್ಲಿ ಪಾಠ ಮಾಡುವಾಗ ಒಂದು ಗಂಟೆಗೆ ಕಟ್ ಆಗುವ ತೊಂದರೆಯೂ ಇರುವುದಿಲ್ಲ.

ಕೈಬರಹದ ಕೆಲಸಕ್ಕೆ ಇದು ತುಂಬಾ ಚೆನ್ನಾಗಿದೆ. ನಮ್ಮ ಮಕ್ಕಳು ಲೆಕ್ಕವನ್ನು ನೋಟ್‌ಬುಕ್‌ನಲ್ಲೇ ಮಾಡುತ್ತಾರೆ, ಪರೀಕ್ಷೆಯಲ್ಲೂ ಹಾಗೇ ತಾನೇ ಬರೆಯಬೇಕು. ಫೋನಿನಲ್ಲೇ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸಬಹುದು. ನೀವು ಆಪ್‌ನಲ್ಲೇ ಅದರ ಮೇಲೆ ಕೆಂಪು ಗೆರೆ ಎಳೆದು ವಾಪಸ್ ಕೊಡಬಹುದು. “ಇಲ್ಲಿ ಕ್ಲೋಸಿಂಗ್ ಸ್ಟಾಕ್ ಕಳೆಯೋದು ಮರೆತಿದ್ದೀಯ” ಅಂತ ಬಾಣ ಹಾಕಿ ತೋರಿಸಿದರೆ ಮುಂದಿನ ಸಲ ಆ ತಪ್ಪು ಬರುವುದಿಲ್ಲ.

ಸೋಲುವುದು ಟೆಸ್ಟ್‌ನಲ್ಲಿ. ಇಲ್ಲಿ ಟೆಸ್ಟ್ ಇಡುವುದು ಗೂಗಲ್ ಫಾರ್ಮ್ ಮೂಲಕ, ಅದರ ಕ್ವಿಜ್‌ನಲ್ಲಿ ಟೈಮರ್ ಇಲ್ಲ. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಸಂಖ್ಯೆ. ಮೊದಲು ಬರೆದವನ ಸ್ಕ್ರೀನ್‌ಶಾಟ್ ಹತ್ತು ನಿಮಿಷದಲ್ಲಿ ಎಲ್ಲರ ಫೋನಿನಲ್ಲಿರುತ್ತದೆ. ಸ್ಕ್ರೀನ್ ಲಾಕ್ ಮಾಡುವ ವ್ಯವಸ್ಥೆ ಇದೆ, ಆದರೆ ಅದು ಸಂಸ್ಥೆಯೇ ಕೊಟ್ಟು ನಿಯಂತ್ರಿಸುವ ಕ್ರೋಮ್‌ಬುಕ್ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ನಡೆಯುತ್ತದೆ. ನಮಗೆ ಅದು ಇದ್ದೂ ಇಲ್ಲದ ಹಾಗೆ. ಹಾಗಾಗಿ ಕ್ಲಾಸ್‌ರೂಮ್ ಹಿಡಿದವರು ಫಾರ್ಮ್ ಕ್ವಿಜ್‌ಗೆ ಆಂತರಿಕ ಅಂಕ ಕೊಡಬೇಡಿ. ಅದನ್ನು ಅಭ್ಯಾಸಕ್ಕೆ ಅಂತಲೇ ಇಡಿ.

ಮೂಡಲ್

ಮೂಡಲ್ ಅಂದ ಕೂಡಲೇ ನಮಗೆ ಮೂಡಣ ನೆನಪಾಗುತ್ತದೆ, ಆದರೆ ಇದು ಉದ್ದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಪದ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಇದನ್ನು ಕಟ್ಟಿದರು. ಮೊದಲ ಆವೃತ್ತಿ 2002ರಲ್ಲಿ ಬಂತು. ಅವರು ಬೆಳೆದದ್ದು ಆಸ್ಟ್ರೇಲಿಯಾದ ಮರುಭೂಮಿಯ ಒಂದು ಮೂಲೆಯಲ್ಲಿ. ಹತ್ತಿರದಲ್ಲಿ ಶಾಲೆ ಇಲ್ಲದೆ ರೇಡಿಯೋ ಮೂಲಕ ಪಾಠ ಕೇಳಿದವರು. ನನಗೆ ಈ ವಿಷಯ ಗೊತ್ತಾದಾಗ ಬಹಳ ಖುಷಿಯಾಯಿತು. ದೂರದ ಮಗುವಿನ ಕಷ್ಟ ಗೊತ್ತಿದ್ದವರು ಮಾಡಿದ ಸಾಧನ ಇದು.

ಸಾಫ್ಟ್‌ವೇರ್ ಉಚಿತ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಆದರೆ ಅದನ್ನು ಇಡಲು ಸರ್ವರ್ ಬೇಕು, ಅದಕ್ಕೆ ವರ್ಷ ವರ್ಷ ದುಡ್ಡು ಕಟ್ಟಬೇಕು. ಅಪ್‌ಡೇಟ್ ಮಾಡಬೇಕು, ಬ್ಯಾಕಪ್ ತೆಗೆಯಬೇಕು. ಇಲ್ಲಿ ನಾನೇ ಏಟು ತಿಂದಿದ್ದೇನೆ. ಅಗ್ಗಕ್ಕೆ ಸಿಗುತ್ತದೆ ಅಂತ ಒಂದು ಕಡೆ ಜಾಗ ತೆಗೆದುಕೊಂಡು ಮೂಡಲ್ ಹಾಕಿಸಿದ್ದೆ. ದಿನಾ ಇಬ್ಬರು ಮೂವರು ಓದುವಾಗ ಏನೂ ತೊಂದರೆ ಇರಲಿಲ್ಲ. ಟೆಸ್ಟ್ ದಿನ ಐವತ್ತೆಂಟು ಮಕ್ಕಳು ಒಂದೇ ನಿಮಿಷಕ್ಕೆ ‘ಶುರು’ ಒತ್ತಿದರು, ಸೈಟ್ ಬಿಳಿ ಪರದೆಯಾಗಿ ನಿಂತುಬಿಟ್ಟಿತು. ಮಕ್ಕಳ ಫೋನ್ ಮೇಲೆ ಫೋನ್. ಒಬ್ಬಳಂತೂ ತನ್ನ ಡೇಟಾ ಮುಗಿದಿದ್ದರಿಂದ ಹೀಗಾಯಿತು ಅಂದುಕೊಂಡು ಅಳುತ್ತಿದ್ದಳು. ಮೂಡಲ್‌ನವರ ಲೆಕ್ಕದ ಪ್ರಕಾರ ಸರ್ವರ್‌ನ ಒಂದು ಜಿಬಿ ರ‍್ಯಾಮ್‌ಗೆ ಒಮ್ಮೆಗೇ ಹತ್ತರಿಂದ ಇಪ್ಪತ್ತು ಜನ. ಆ ಲೆಕ್ಕ ನನಗೆ ಮೊದಲೇ ಗೊತ್ತಿದ್ದರೆ ಟೆಸ್ಟನ್ನು ಒಂದೇ ಹೊತ್ತಿಗೆ ಇಡುತ್ತಲೇ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಮೂಡಲ್ ಯಾಕೆ ಬೇಕು ಅಂತೀರಾ? ಅದರ ಪ್ರಶ್ನೆ ಭಂಡಾರಕ್ಕೆ. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ.

ಕಾಸ್ಟ್ ಅಕೌಂಟಿಂಗ್‌ನಲ್ಲಿ ಇಒಕ್ಯೂ ಅಂತ ಒಂದು ಲೆಕ್ಕ ಬರುತ್ತದೆ. ಒಂದು ಸಲಕ್ಕೆ ಎಷ್ಟು ಸರಕು ತರಿಸಿದರೆ ಒಟ್ಟು ಖರ್ಚು ಕಡಿಮೆ ಅನ್ನುವುದು. ನಾನು ಮೊದಲು ರೇಷ್ಮೆ ಗೂಡಿನ ಮೇಲೆ ಪ್ರಶ್ನೆ ಮಾಡಿದ್ದೆ. “ಮೇಡಂ, ಗೂಡನ್ನ ಹಾಗೆ ಇಟ್ಕೊಳ್ಳೋಕಾಗಲ್ಲ, ಚಿಟ್ಟೆ ಹೊರಗೆ ಬಂದುಬಿಡುತ್ತೆ” ಅಂತ ಮಕ್ಕಳೇ ತಿದ್ದಿದರು. ಅವರು ಹೇಳಿದ್ದು ಸರಿ. ಈಗ ದ್ರಾಕ್ಷಿ ಪ್ಯಾಕ್ ಮಾಡುವ ಪೆಟ್ಟಿಗೆ ಇಟ್ಟುಕೊಂಡಿದ್ದೇನೆ. ವರ್ಷಕ್ಕೆ 3,600 ಪೆಟ್ಟಿಗೆ ಬೇಕು, ಒಂದು ಸಲ ತರಿಸುವ ಖರ್ಚು 50 ರೂಪಾಯಿ, ಒಂದು ಪೆಟ್ಟಿಗೆಯನ್ನು ವರ್ಷ ಇಟ್ಟುಕೊಳ್ಳುವ ಖರ್ಚು 4 ರೂಪಾಯಿ. ವರ್ಷದ ಬೇಡಿಕೆಯನ್ನು ತರಿಸುವ ಖರ್ಚಿನಿಂದ ಗುಣಿಸಿ, ಎರಡರಷ್ಟು ಮಾಡಿ, ಇಟ್ಟುಕೊಳ್ಳುವ ಖರ್ಚಿನಿಂದ ಭಾಗಿಸಿದರೆ 90,000. ಅದರ ವರ್ಗಮೂಲ 300. ಅಂದರೆ ಸಲಕ್ಕೆ 300 ಪೆಟ್ಟಿಗೆ.

ಮೂಡಲ್‌ನ ‘ಕ್ಯಾಲ್ಕ್ಯುಲೇಟೆಡ್’ ಪ್ರಶ್ನೆಯಲ್ಲಿ ಈ ಸಂಖ್ಯೆಗಳ ಜಾಗದಲ್ಲಿ ಖಾಲಿ ಬಿಟ್ಟು ಸೂತ್ರ ಕೊಡುತ್ತೀರಿ, ಬೇರೆ ಬೇರೆ ಮಕ್ಕಳಿಗೆ ಬೇರೆ ಬೇರೆ ಸಂಖ್ಯೆಯನ್ನು ಮೂಡಲ್ ತುಂಬುತ್ತದೆ. ಪಕ್ಕದ ಹುಡುಗನಿಗೆ 6,400 ಪೆಟ್ಟಿಗೆ ಬರುತ್ತದೆ, ಖರ್ಚು ಅವೇ ಇದ್ದರೆ ಅವನ ಉತ್ತರ 400. ಇನ್ನೊಬ್ಬಳಿಗೆ ಬೇರೆ ಏನೋ. ಸ್ಕ್ರೀನ್‌ಶಾಟ್ ಕಳಿಸಿದರೂ ಪ್ರಯೋಜನವಿಲ್ಲ. ಅವರಿಗೆ ಒಬ್ಬರಿಗೊಬ್ಬರು ಕಳಿಸಬಹುದಾದದ್ದು ಲೆಕ್ಕ ಮಾಡುವ ದಾರಿ ಒಂದೇ. ನನಗೆ ಬೇಕಾದದ್ದೂ ಅದೇ! ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು ಫೋನ್ ಹಿಡಿದುಕೊಂಡು “ನಿಂದು ಎಷ್ಟು ಬಂತು, ಮೊದಲು ಯಾವುದರಿಂದ ಭಾಗಿಸಿದೆ?” ಅಂತ ವಾದ ಮಾಡುವುದನ್ನು ನೋಡಿದ ದಿನ ಮೂಡಲ್ ಮೇಲೆ ಹಾಕಿದ ಶ್ರಮ ಎಲ್ಲ ಸಾರ್ಥಕವಾಯಿತು ಅನ್ನಿಸಿತು. ಉತ್ತರ ದಶಮಾಂಶದಲ್ಲಿ ಬರುವ ಸಂಖ್ಯೆ ಬಿದ್ದರೆ ಅಷ್ಟಿಷ್ಟು ವ್ಯತ್ಯಾಸವನ್ನು ಸರಿ ಅಂತ ಒಪ್ಪುವ ಟಾಲರೆನ್ಸ್ ಇಡಲು ಮರೆಯಬೇಡಿ. ಇಡದಿದ್ದರೆ ಸರಿಯಾಗಿ ಮಾಡಿದವರಿಗೂ ಸೊನ್ನೆ ಬರಬಹುದು.

ಟೆಸ್ಟ್ ಮುಗಿದ ಮೇಲೆ ‘ಸ್ಟ್ಯಾಟಿಸ್ಟಿಕ್ಸ್’ ತೆರೆದು ನೋಡಿ. ಪ್ರತಿ ಪ್ರಶ್ನೆಯನ್ನೂ ಶೇಕಡಾ ಎಷ್ಟು ಜನ ಸರಿ ಮಾಡಿದ್ದಾರೆ ಅಂತ ತೋರಿಸುತ್ತದೆ. ಎಲ್ಲರೂ ಬಿದ್ದ ಪ್ರಶ್ನೆ ಇದ್ದರೆ ಒಂದೋ ಪ್ರಶ್ನೆ ತಪ್ಪು, ಇಲ್ಲ ನಮ್ಮ ಪಾಠ ತಲುಪಿಲ್ಲ. ಮರುದಿನದ ಮೊದಲ ಹದಿನೈದು ನಿಮಿಷ ಏನು ಮಾಡಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ಕ್ಲಾಸ್‌ರೂಮ್‌ನಲ್ಲಿ ಇಷ್ಟು ಆಳಕ್ಕೆ ಹೋಗಲಾಗದು.

ಸಿಗ್ನಲ್ ಇಲ್ಲದ ಊರಿನ ಮಕ್ಕಳಿಗೆ ಮೂಡಲ್ ಆಪ್ ದೊಡ್ಡ ಆಸರೆ. ಕಾಲೇಜಿನಲ್ಲಿದ್ದಾಗ ಪಾಠವನ್ನು ಡೌನ್‌ಲೋಡ್ ಮಾಡಿಕೊಂಡು ಹೋಗಬಹುದು. ನೀವು ಸೆಟ್ಟಿಂಗ್‌ನಲ್ಲಿ ಅನುಮತಿ ಕೊಟ್ಟಿದ್ದರೆ ಕ್ವಿಜ್ ಕೂಡ ನೆಟ್ ಇಲ್ಲದೆ ಬರೆಯಬಹುದು, ಸಿಗ್ನಲ್ ಸಿಕ್ಕಾಗ ಉತ್ತರ ತಾನೇ ಹೋಗುತ್ತದೆ. ಟೈಮರ್ ಇಟ್ಟ ಕ್ವಿಜ್‌ಗೆ ಮಾತ್ರ ಇದು ನಡೆಯುವುದಿಲ್ಲ. ಹಾಗಾಗಿ ನಾನು ವಾರದ ಕ್ವಿಜ್‌ಗೆ ಟೈಮರ್ ತೆಗೆದೇ ಬಿಟ್ಟೆ. ಗುರುವಾರದಿಂದ ಭಾನುವಾರ ರಾತ್ರಿ ತನಕ ತೆರೆದಿರುತ್ತದೆ.

ಇನ್ನೊಂದು ಮುಖ್ಯ ಲಾಭ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪಠ್ಯಕ್ರಮ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೆ ಬೇರೆ ಪಠ್ಯಕ್ರಮ ಬಂತು. ಪೇಪರಿನ ಹೆಸರು, ಸೆಮಿಸ್ಟರ್ ಎಲ್ಲ ಅದಲು ಬದಲು. ನನ್ನ ಪ್ರಶ್ನೆಗಳನ್ನು ‘ಮೂರನೇ ಸೆಮಿಸ್ಟರ್’ ಅಂತ ಇಡದೆ ‘ಸಾಮಗ್ರಿ ವೆಚ್ಚ’, ‘ಕೂಲಿ ವೆಚ್ಚ’, ‘ಓವರ್‌ಹೆಡ್’ ಅಂತ ವಿಷಯದ ಪ್ರಕಾರ ಇಟ್ಟಿದ್ದೆ. ಹೊಸ ಕೋರ್ಸಿಗೆ ಅವುಗಳನ್ನು ಎಳೆದು ಹಾಕಲು ಒಂದು ಸಂಜೆ ಸಾಕಾಯಿತು. ನೀವೂ ಹಾಗೇ ಮಾಡಿ. ಕಾಲೇಜು ಬದಲಾದರೂ ಇಡೀ ಕೋರ್ಸನ್ನು ಒಂದು ಬ್ಯಾಕಪ್ ಫೈಲ್ ಮಾಡಿ ಜೊತೆಗೆ ಒಯ್ಯಬಹುದು. ವರ್ಷ ವರ್ಷ ಕಾಲೇಜು ಬದಲಾಯಿಸಬೇಕಾಗುವ ಅತಿಥಿ ಉಪನ್ಯಾಸಕರಿಗೆ ಇದು ಸಣ್ಣ ವಿಷಯ ಅಲ್ಲ.

ಟೀಮ್ಸ್

ಇದು ಮೈಕ್ರೋಸಾಫ್ಟ್‌ನ ವೇದಿಕೆ. ನಿಮ್ಮ ಕಾಲೇಜು ಈಗಾಗಲೇ ಮೈಕ್ರೋಸಾಫ್ಟ್ ಖಾತೆ ತೆಗೆದುಕೊಂಡಿದ್ದರೆ ಅದನ್ನೇ ಬಳಸಿ, ಕೆಲಸ ಆಗುತ್ತದೆ. ಇಲ್ಲದಿದ್ದರೆ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಕಡಿಮೆ ಬೆಲೆಯ ಹಳೆಯ ಫೋನ್‌ಗಳಿಗೆ ಅದು ಭಾರ.

ಸ್ವಯಂ

ಕೇಂದ್ರ ಸರ್ಕಾರ 2017ರ ಜುಲೈ 9ರಂದು ಶುರು ಮಾಡಿದ್ದು. ವಿಡಿಯೋ ಪಾಠ, ಓದುವ ಸಾಮಗ್ರಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಟೆಸ್ಟ್, ಚರ್ಚೆ ಅಂತ ನಾಲ್ಕು ಭಾಗ. ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಶುಲ್ಕ ಕಟ್ಟಿ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನ ಕೋರ್ಸುಗಳಲ್ಲಿ ಶೇಕಡಾ 40ರ ತನಕ ಸ್ವಯಂನಿಂದ ತೆಗೆದುಕೊಳ್ಳಲು ಅವಕಾಶವಿದೆ. ಆದರೆ ಕ್ರೆಡಿಟ್ ಒಪ್ಪಬೇಕಾದದ್ದು ನಿಮ್ಮ ವಿಶ್ವವಿದ್ಯಾಲಯ. ನಮ್ಮ ಕಡೆಯವರು ಮಗುವಿಗೆ ಆಸೆ ಹುಟ್ಟಿಸುವ ಮುಂಚೆ ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದಲ್ಲಿ ಕೇಳಿ, ಬರವಣಿಗೆಯಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು.

ಇಲ್ಲಿ ಕೋರ್ಸ್ ನಮ್ಮ ಕೈಯಲ್ಲಿ ಇರುವುದಿಲ್ಲ. ಹೆಚ್ಚಿನ ಪಾಠ ಇಂಗ್ಲಿಷ್‌ನಲ್ಲಿ. ಸುಮ್ನೆ “ಸ್ವಯಂನಲ್ಲಿ ನೋಡ್ಕೊಳ್ಳಿ” ಅಂದರೆ ಮೊದಲ ವಾರ ಎಲ್ಲರೂ ಸೇರುತ್ತಾರೆ, ನಾಲ್ಕನೇ ವಾರಕ್ಕೆ ಒಬ್ಬಿಬ್ಬರು ಉಳಿಯುತ್ತಾರೆ. ನಾನು ಮಾಡುವುದು ಇಷ್ಟು: ಒಂದು ಯೂನಿಟ್‌ಗೆ ಒಂದೇ ವಿಡಿಯೋ ಆರಿಸಿ, ಅದರಲ್ಲಿ ಎಲ್ಲಿಂದ ಎಲ್ಲಿಯ ತನಕ ನೋಡಬೇಕು ಅಂತ ನಿಮಿಷ ಬರೆದು, ಜೊತೆಗೆ ಕನ್ನಡದಲ್ಲಿ ಮೂರು ಪ್ರಶ್ನೆ ಕೊಡುತ್ತೇನೆ. ಐಐಟಿಗಳು ನಡೆಸುವ ಎನ್‌ಪಿಟಿಇಎಲ್‌ನ ಕೆಲವು ಪಾಠಗಳ ಬರಹ ರೂಪ ಕನ್ನಡದಲ್ಲೂ ಸಿಗುತ್ತದೆ. ಇಂಜಿನಿಯರಿಂಗ್, ವಿಜ್ಞಾನದವರು ಅದನ್ನು ತಪ್ಪದೆ ನೋಡಿ.

ವಾಟ್ಸಾಪ್

ಎಲ್ಲರೂ ಬಳಸುತ್ತಾರೆ, ತೆರೆದು ನೋಡುತ್ತಾರೆ ಕೂಡ. ಆದರೆ ಸೋಮವಾರ ಹಾಕಿದ ನೋಟ್ಸ್ ಬುಧವಾರಕ್ಕೆ ನೂರು ಗುಡ್ ಮಾರ್ನಿಂಗ್‌ಗಳ ಕೆಳಗೆ ಹೂತುಹೋಗಿರುತ್ತದೆ. ಯಾರು ಅಸೈನ್‌ಮೆಂಟ್ ಕೊಟ್ಟರು, ಯಾರು ಕೊಡಲಿಲ್ಲ ಅನ್ನುವ ಲೆಕ್ಕ ಇರುವುದಿಲ್ಲ.

ನನ್ನ ದೊಡ್ಡ ಚಿಂತೆ ಬೇರೆ. ಸಾಮಾನ್ಯ ಗ್ರೂಪಿನಲ್ಲಿ ಹೆಣ್ಣುಮಕ್ಕಳ ನಂಬರ್ ಎಲ್ಲರಿಗೂ ಕಾಣುತ್ತದೆ. ನಮ್ಮಂಥ ಊರಲ್ಲಿ ಒಂದು ಬೇಡದ ಮೆಸೇಜ್ ಬಂದರೆ ಮನೆಯಲ್ಲಿ ಮೊದಲು ಕಿತ್ತುಕೊಳ್ಳುವುದು ಹುಡುಗಿಯ ಫೋನನ್ನು. ಅವಳ ಓದಿನ ದಾರಿಯೇ ಮುಚ್ಚುತ್ತದೆ. ಹಾಗಾಗಿ ‘ಕಮ್ಯುನಿಟಿ’ ಮಾಡಿ, ಅದರ ಅನೌನ್ಸ್‌ಮೆಂಟ್ ಗ್ರೂಪ್ ಒಂದನ್ನೇ ಬಳಸಿ. ಅಲ್ಲಿ ಒಬ್ಬ ವಿದ್ಯಾರ್ಥಿಯ ನಂಬರ್ ಇನ್ನೊಬ್ಬ ವಿದ್ಯಾರ್ಥಿಗೆ ಕಾಣುವುದಿಲ್ಲ. ಮೆಸೇಜ್ ಹಾಕುವವರು ನೀವು ಮಾತ್ರ. “ಎರಡನೇ ಯೂನಿಟ್ ಕ್ವಿಜ್ ತೆರೆದಿದೆ, ಭಾನುವಾರ ರಾತ್ರಿ ಕೊನೆ” ಅಂತ ಒಂದು ಸಾಲು, ಕೆಳಗೆ ಲಿಂಕ್. ಫೈಲ್ ಹಾಕಬೇಡಿ. ಒಮ್ಮೆ ಅಲ್ಲಿ ಪಿಡಿಎಫ್ ಸಿಕ್ಕಿತು ಅಂದರೆ ಮಕ್ಕಳು ವೇದಿಕೆಯ ಕಡೆ ತಿರುಗಿಯೂ ನೋಡುವುದಿಲ್ಲ.

ಯಾವುದನ್ನೇ ಹಿಡಿದರೂ

ವಿಡಿಯೋ ಚಿಕ್ಕದಿರಲಿ. 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ವಿಡಿಯೋ ಎಷ್ಟೇ ಉದ್ದ ಇದ್ದರೂ ಜನ ಸಾಮಾನ್ಯವಾಗಿ ಆರು ನಿಮಿಷಕ್ಕಿಂತ ಜಾಸ್ತಿ ನೋಡುತ್ತಿರಲಿಲ್ಲ ಅಂತ ಕಂಡುಬಂತು. ಒಂದು ಗಂಟೆಯ ಪಾಠವನ್ನು ಹಾಗೇ ರೆಕಾರ್ಡ್ ಮಾಡಿ ಹಾಕುವ ಬದಲು ಒಂದು ಲೆಕ್ಕಕ್ಕೆ ಒಂದು ವಿಡಿಯೋ ಮಾಡಿ. ನಿಮ್ಮ ಮುಖ ಬೇಕಿಲ್ಲ. ಹಾಳೆ, ಪೆನ್ನು, ಮೇಲಿಂದ ಫೋನ್, ಸಾಕು. ಥಿಯರಿ ಭಾಗಕ್ಕೆ ಬರೀ ಧ್ವನಿ ಆದರೂ ನಡೆಯುತ್ತದೆ. 64 ಕೆಬಿಪಿಎಸ್‌ನಲ್ಲಿ ಹತ್ತು ನಿಮಿಷದ ಆಡಿಯೋ 5 ಎಂಬಿ ಕೂಡ ಆಗುವುದಿಲ್ಲ. ಡೇಟಾ ಮುಗಿಯುತ್ತಾ ಬಂದ ರಾತ್ರಿಯಲ್ಲೂ ಅದನ್ನು ಕೇಳಬಹುದು.

ಮತ್ತೆ ಮತ್ತೆ ಓದಿಸುವುದಕ್ಕಿಂತ ಮತ್ತೆ ಮತ್ತೆ ಪ್ರಶ್ನೆ ಕೇಳಿ. ಓದಿದ ಮೇಲೆ ಪರೀಕ್ಷೆ ಎದುರಿಸಿದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿರುತ್ತದೆ ಅಂತ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲೇ ತೋರಿಸಿಕೊಟ್ಟಿದ್ದಾರೆ. ವಾರಕ್ಕೆ ಐದೇ ಪ್ರಶ್ನೆ ಇರಲಿ, ಅದರಲ್ಲಿ ಎರಡು ಹಿಂದಿನ ಯೂನಿಟ್‌ದು. ಎರಡು ಸಲ ಪ್ರಯತ್ನಿಸಲು ಬಿಡಿ.

ಕನ್ನಡದಲ್ಲಿ ಟೈಪ್ ಮಾಡಿಸುವ ಒಂದು ಪದದ ಉತ್ತರವನ್ನು ಯಂತ್ರದ ಕೈಗೆ ಕೊಡಬೇಡಿ. ಒಂದು ಒತ್ತಕ್ಷರ ಹೆಚ್ಚು ಕಡಿಮೆ ಆದರೂ ಅದು ತಪ್ಪು ಅನ್ನುತ್ತದೆ. ಬಾಗೇಪಲ್ಲಿಯ ಮಗುವಿಗೆ ವಿಷಯ ಗೊತ್ತಿದ್ದರೂ ಅಂಕ ಹೋಗುತ್ತದೆ. ಹೊಂದಿಸಿ ಬರೆಯುವ ಪ್ರಶ್ನೆ ಇಡಿ. ಹಳೆಯ ನುಡಿ, ಬರಹ ಫಾಂಟಿನ ನೋಟ್ಸ್ ಇದ್ದರೆ ಎಲ್ಲ ಫೋನಿನಲ್ಲೂ ಓದಲಾಗುವ ಯುನಿಕೋಡ್‌ಗೆ ಬದಲಾಯಿಸಿಯೇ ಹಾಕಿ. ಇಲ್ಲದಿದ್ದರೆ ಮಕ್ಕಳ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ನಿಮಗೆ ಗೊತ್ತೇ ಆಗುವುದಿಲ್ಲ.

ಮೊದಲ ವಾರ ಪಾಠದ ಟೆಸ್ಟ್ ಇಡಬೇಡಿ. “ನಿಮ್ಮ ಊರಲ್ಲಿ ಯಾವ ಬೆಳೆ?” ಅಂತ ಒಂದೇ ಪ್ರಶ್ನೆಯ ಕ್ವಿಜ್ ಇಡಿ. ಲಾಗಿನ್ ಆಗದವರು, ಪಾಸ್‌ವರ್ಡ್ ಮರೆತವರು ಎಲ್ಲ ಅಲ್ಲೇ ಗೊತ್ತಾಗುತ್ತಾರೆ. ಅವರನ್ನು ಕ್ಲಾಸ್ ಮುಗಿದ ಮೇಲೆ ಕೂರಿಸಿಕೊಂಡು ಕೈ ಹಿಡಿದು ತೋರಿಸಿ. ಆಂತರಿಕ ಅಂಕದ ಟೆಸ್ಟನ್ನು ನಾನು ಈಗಲೂ ಕಾಲೇಜಿನಲ್ಲೇ, ಹಾಳೆಯ ಮೇಲೆ ಬರೆಸುತ್ತೇನೆ. ಫೋನ್ ಚೆನ್ನಾಗಿರುವವರಿಗೆ ಒಂದು ಅಂಕವೂ ಹೆಚ್ಚು ಹೋಗಬಾರದು.

ಶಿಡ್ಲಘಟ್ಟದ ಆ ಹುಡುಗಿಗೆ ಆವತ್ತು “ಶನಿವಾರ ಬರಿ” ಅಂತ ಉತ್ತರ ಕೊಟ್ಟು, ಮೂಡಲ್‌ನಲ್ಲಿ ಅವಳೊಬ್ಬಳಿಗೆ ಕೊನೆಯ ದಿನ ಬದಲಾಯಿಸಿದೆ. ಕ್ವಿಜ್ ಒಳಗೆ ‘ಓವರ್‌ರೈಡ್’ ಅಂತ ಇರುತ್ತದೆ, ಹೆಸರು ಆರಿಸಿ ಹೊಸ ತಾರೀಕು ಹಾಕಿದರೆ ಆಯಿತು. ಕ್ಲಾಸ್‌ರೂಮ್ ಬಳಸುವವರು ಒಬ್ಬ ವಿದ್ಯಾರ್ಥಿಯ ಹೆಸರನ್ನು ಮಾತ್ರ ಆರಿಸಿ ಬೇರೆ ತಾರೀಕಿನ ಅಸೈನ್‌ಮೆಂಟ್ ಕೊಡಬಹುದು. ಅವಳು ಶನಿವಾರ ಬೆಳಗಿನ ಜಾವ ಬರೆದಿದ್ದಳು. ಸೋಮವಾರ ಕಾಲೇಜಿಗೆ ಬಂದವಳೇ ಕೇಳಿದ್ದು, ಮೂರನೇ ಲೆಕ್ಕ ಎಲ್ಲಿ ತಪ್ಪಾಯಿತು ಅಂತ.